ಹಿತ್ತಲ ಬಾಗಿಲು ತಟ್ಟಿದಾಗ

ಪುಟ್ಟಿ,

ನೀನು ಬೆಂಗಳೂರು ಬಸ್ಸು ಹತ್ತಿದ ಮೇಲೆ, ಇಲ್ಲಿ ಬಿಟ್ಟುಹೋದ ನಿನ್ನ ಕಾದಂಬರಿಯ ಪ್ರಿಂಟನ್ನು ಪೂರ್ತಿ ಓದಿದೆ. ಆವತ್ತು ಯಾರು ಏನಂದರು ಅನ್ನುವುದು ಬೇಡ. ಇಬ್ಬರಿಗೂ ಗೊತ್ತಿದೆ.

ರಿಟೈರ್ ಆದರೂ ಟೀಚರ್ ಬುದ್ಧಿ ಹೋಗಿಲ್ಲ. ನಿನ್ನ ಹುಡುಗಿ 1947ರಲ್ಲಿ ಚಿಕ್ಕಮಗಳೂರಲ್ಲೇ ರೈಲು ಹತ್ತುತ್ತಾಳೆ. ನಮ್ಮೂರಿಗೆ ರೈಲು ಬಂದಿದ್ದೇ 2013ರಲ್ಲಿ ಕಣೇ! ಅವಳನ್ನು ಕಡೂರಿಗೆ ಕಳಿಸು, ಅಲ್ಲಿ ಹತ್ತಲಿ. ಚಳವಳಿ ಮಾತ್ರ ತುಂಬಾ ಚೆನ್ನಾಗಿ ಬಂದಿದೆ. ಮಹಾರಾಜರು ಭಾರತ ಸೇರಲು ಒಪ್ಪಿದರೂ ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ ಕೊಡಲಿಲ್ಲ ಅಂತ ಸೆಪ್ಟೆಂಬರ್ 1ಕ್ಕೆ ಮೈಸೂರು ಚಲೋ ಶುರುವಾಗಿದ್ದು, ಹುಡುಗರು ಕ್ಲಾಸು ಬಿಟ್ಟು ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ವಿರುದ್ಧ ‘ಆರ್ಕಾಟ್ ಬಾಯ್ಕಾಟ್’ ಅಂತ ಕೂಗಿದ್ದು, ಎಲ್ಲ ಇದೆ. ನಾನು ಇದೇ ಪಾಠ ಮಾಡುವಾಗ ಮಕ್ಕಳು ಆಕಳಿಸುತ್ತಿದ್ದರು. ಪಕ್ಕದ ಮನೆಯವರಿಗೂ ಒಂದಿಷ್ಟು ಓದಿ ಹೇಳಿದೆ. ಬೈಯಬೇಡ.

ಆದರೆ ಹದಿನಾಲ್ಕನೇ ಅಧ್ಯಾಯ. ಚಳವಳಿಯ ಹುಡುಗನ ಜೊತೆ ಹೊರಟುಹೋದ ಶಾನುಭೋಗರ ಮಗಳು, ಅವನು ಜೈಲು ಸೇರಿದ ಮೇಲೆ ರಾತ್ರಿ ಬಂದು ಹಿತ್ತಲ ಬಾಗಿಲು ತಟ್ಟುತ್ತಾಳೆ. ಅಮ್ಮ ತೆಗೆಯುವುದಿಲ್ಲ. ಕಾದಂಬರಿಯಲ್ಲಿ ಎತ್ತಿಗೂ ಹೆಸರಿದೆ, ಆ ಅಮ್ಮನಿಗಿಲ್ಲ. ಅದು ನಾನಾ? ಜೋರು ಮಳೆ ಅಂತ ನೀನೇ ಬರೆದಿದ್ದೀಯ. ಹೆಂಚಿನ ಮನೆಯಲ್ಲಿ ಆ ಸದ್ದಿನ ನಡುವೆ ಬಾಗಿಲು ತಟ್ಟಿದ್ದು ಕೇಳುತ್ತಾ? ಕೇಳಿಸಿತು ಅಂತಲೇ ಇಟ್ಟುಕೋ. ಪಕ್ಕದಲ್ಲಿ ಗಂಡ ಎಚ್ಚರವಾಗಿದ್ದನೇನೋ. ಅದನ್ನು ಬರಿ. ಅವಳು ಎದ್ದು ಕೂತಳು ಅಂತಾದರೂ ಬರಿ. ಅಡುಗೆಮನೆವರೆಗೆ ಬಂದಳು, ಚಿಲಕಕ್ಕೆ ಕೈ ಹಾಕಿದಳು ಅಂತ. ಸುಮ್ನೆ ಮಲಗೇ ಇದ್ದಳು ಅಂದರೆ ಯಾರು ನಂಬುತ್ತಾರೆ? ಮಗಳ ತಟ್ಟು ಯಾವುದು ಅಂತ ತಾಯಿಗೆ ಗೊತ್ತಾಗಲ್ವಾ? ನಾನು ಆವತ್ತು ಅಂದ ಮಾತೆಲ್ಲ ವಾಪಸ್ ತಗೊಳ್ಳುವುದಿಲ್ಲ. ಆದರೆ ಬಾಗಿಲು ಹಾಕಿದೆ ಅಂತ ನೀನು ತಿಳಿದಿದ್ದರೆ ಅದು ಸುಳ್ಳು. ಅಷ್ಟು ಜೋರಾಗಿ ಹೇಳಬಾರದಿತ್ತು, ಅದು ಸರಿ.

ನಿನ್ನ ಹುಡುಗಿಗೆ ಕಾನೂನಿನ ಬಲವೂ ಇರಲಿಲ್ಲ. ಜಾತಿ ಬೇರೆ ಅನ್ನುವ ಕಾರಣಕ್ಕೆ ಹಿಂದೂ ಮದುವೆ ಅಸಿಂಧುವಲ್ಲ ಅಂತ ದೇಶದಲ್ಲಿ ಕಾಯ್ದೆ ಬಂದಿದ್ದು 1949ರಲ್ಲಿ. ನಿಮಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಆದರೆ 30 ದಿನದ ನೋಟಿಸು ಆಫೀಸಿನಲ್ಲಿ ಅಂಟಿಸುತ್ತಾರೆ. ಬೆಂಗಳೂರಲ್ಲಿ ಕೊಟ್ಟರೂ ಕಾಯಂ ವಿಳಾಸ ಇಲ್ಲಿಯದಾದರೆ ಪ್ರತಿ ಇಲ್ಲಿಗೂ ಬರುತ್ತೆ. ಯಾರೋ ಓದಿ ಬಂದು ಹೇಳುವ ಮೊದಲು ನಿಮ್ಮಪ್ಪನಿಗೆ ನೀನೇ ಹೇಳು. ಫೋನಲ್ಲಿ ಬೇಡ, ಬಂದು ಹೇಳು. ಕೆಲಸ ಬಿಡಬೇಡ. ಸಂಬಳ ನಿನ್ನ ಖಾತೆಯಲ್ಲೇ ಇರಲಿ, ಅವನು ಎಷ್ಟೇ ಒಳ್ಳೆಯವನಾಗಿರಲಿ. ಸಿಟ್ಟಿಗೆ ಊಟ ಬಿಡುವ ಚಾಳಿ ನಿಲ್ಲಿಸು. ಜಾಸ್ತಿಯಾಯಿತು ಅಲ್ವಾ? ಆಯಿತು.

ಸಾಕ್ಷಿಗೆ ಮೂರು ಜನ ಬೇಕು. ಇಬ್ಬರನ್ನು ನೀವು ನೋಡಿಕೊಳ್ಳಿ. ಅಪ್ಪ ಬರುತ್ತಾರಾ ಅಂತ ಈಗಲೇ ಕೇಳಬೇಡ.

ಅಮ್ಮ