ಬೈಕಿಗೆ ಜಿಪಿಎಸ್: ಕೂರಿಸುವ ಜಾಗ ಮೊದಲು ಗೊತ್ತುಮಾಡಿಕೊಳ್ಳಿ

ಮಾನ್ಯ ಸಂಪಾದಕರೇ,

ಬೈಕಿಗೆ ದಾರಿ ತೋರಿಸುವ ಜಿಪಿಎಸ್ ಕೊಳ್ಳಲು ಹೊರಟವರು ಪರದೆ ಎಷ್ಟು ದೊಡ್ಡದು, ಮಳೆಗೆ ತಡೆಯುತ್ತದೆಯೇ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಅದನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆ ಏಳುವುದು ಡಬ್ಬ ಬಿಚ್ಚಿದ ಮೇಲೆ. ಆಗ ಹ್ಯಾಂಡಲ್ ಮೇಲೆ ಎಲ್ಲಿ ನಾಲ್ಕು ಬೆರಳಗಲ ಖಾಲಿ ಕಾಣುತ್ತದೋ ಅಲ್ಲಿ ಕ್ಲಾಂಪ್ ಬಿಗಿದು ಕೆಲಸ ಮುಗಿಸುತ್ತಾರೆ. ಈ ಕ್ರಮ ತಲೆಕೆಳಗು. ಜಾಗ ಮೊದಲು, ಮೌಂಟ್ (ಸಾಧನವನ್ನು ಬೈಕಿಗೆ ಹಿಡಿಸುವ ಭಾಗ) ಆಮೇಲೆ, ಸಾಧನ ಕೊನೆಗೆ. ಸವಾರನ ಕಣ್ಣು ಪ್ರತಿ ಸಲವೂ ರಸ್ತೆ ಬಿಟ್ಟು ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ನಿರ್ಧರಿಸುವುದು ಆ ಜಾಗವೇ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ, 80ರಲ್ಲಿ 22 ಮೀಟರ್. ತಲೆ ಬಗ್ಗಿಸಿ, ಪರದೆಯ ಮೇಲೆ ಬಾಣದ ಗುರುತು ಹುಡುಕಿ, ಮತ್ತೆ ತಲೆಯೆತ್ತಿ ದೂರದ ರಸ್ತೆಗೆ ಕಣ್ಣು ಹೊಂದಿಸಿಕೊಳ್ಳಲು ಎರಡು ಸೆಕೆಂಡ್ ಹಿಡಿದರೆ, 60ರ ವೇಗದಲ್ಲಿ 33 ಮೀಟರ್ ನೋಡದೇ ಸಾಗಿದ ಹಾಗಾಯಿತು. ಟ್ಯಾಂಕ್ ಮೇಲಿನ ಚೀಲದ ಪಾರದರ್ಶಕ ಜೇಬಿನಲ್ಲಿ ಜಿಪಿಎಸ್ ಇಡುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಮುಖ ಮುಚ್ಚುವ ಹೆಲ್ಮೆಟ್ ಹಾಕಿದಾಗ ಗದ್ದದ ಭಾಗ ಅಡ್ಡ ಬರುವುದರಿಂದ ಕಣ್ಣು ಹೊರಳಿಸಿದರೆ ಟ್ಯಾಂಕ್ ಕಾಣುವುದಿಲ್ಲ, ಇಡೀ ತಲೆಯನ್ನೇ ಬಗ್ಗಿಸಬೇಕು. ಪರದೆ ಮೀಟರಿನ ಮಟ್ಟದಲ್ಲಿ, ಇಲ್ಲವೇ ಅದಕ್ಕಿಂತ ಮೇಲೆ, ಆದಷ್ಟು ನಡುವಿನಲ್ಲಿ ಇದ್ದರೆ ಕಣ್ಣು ಮಾತ್ರ ಇಳಿದು ಏರುತ್ತದೆ. ಎದುರಿನ ವಾಹನದ ಬ್ರೇಕ್ ದೀಪ ನೋಟದ ಅಂಚಿನಲ್ಲಿ ಉಳಿದಿರುತ್ತದೆ.

ಜಾಗ ಆರಿಸಲು ಒಂದು ತುಂಡು ರಟ್ಟು ಸಾಕು. ಸಾಧನದ ಉದ್ದಗಲಕ್ಕೆ ಸರಿಯಾಗಿ ರಟ್ಟು ಕತ್ತರಿಸಿ, ನೀವು ಎಣಿಸಿರುವ ಜಾಗದಲ್ಲಿ ಟೇಪ್‌ನಿಂದ ನಿಲ್ಲಿಸಿ. ಹೆಲ್ಮೆಟ್, ಜಾಕೆಟ್, ಗ್ಲೌಸ್ ಹಾಕಿಕೊಂಡು ಸವಾರಿಯ ಭಂಗಿಯಲ್ಲಿ ಕೂತು ನೋಡಿ. ಸ್ಪೀಡೋಮೀಟರ್, ಆಯಿಲ್ ಪ್ರೆಶರ್ ದೀಪ, ಎಬಿಎಸ್ ದೀಪ, ಹೈಬೀಮ್ ದೀಪ ಎಲ್ಲವೂ ಕಾಣಬೇಕು. ಕೀ ಹಾಕಿ ತಿರುಗಿಸಲು ಬೆರಳಿಗೆ ಎಡೆ ಇರಬೇಕು. ಹ್ಯಾಂಡಲ್ ಅನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿದಾಗ ರಟ್ಟು ಟ್ಯಾಂಕಿಗಾಗಲಿ, ಮುಂದಿನ ಗಾಳಿತಡೆಗಾಗಲಿ, ಕ್ಲಚ್ ಕೇಬಲ್ಲಿಗಾಗಲಿ, ಬ್ರೇಕ್ ಪೈಪಿಗಾಗಲಿ ತಾಗಬಾರದು. ಕಾಲಮೆಟ್ಟಿನ ಮೇಲೆ ಎದ್ದು ನಿಂತು ಓಡಿಸುವವರು ನಿಂತೂ ನೋಡಬೇಕು, ಪರದೆಯ ವಾಲಿಕೆ ಆಗ ಬೇರೆಯೇ ಬೇಕಾಗುತ್ತದೆ. ಬಲಗೈ ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕಿಗೆ ಮೀಸಲು, ಆದ್ದರಿಂದ ನಡುವಿನಲ್ಲಿ ಜಾಗ ಸಿಗದಿದ್ದರೆ ಎಡಕ್ಕೆ ಸರಿಸಿ, ಬಲಕ್ಕೆ ಬೇಡ. ಒಂದು ಮಾತು ಸ್ಪಷ್ಟವಾಗಿರಲಿ: ಎಡಗೈಗೆ ಎಟುಕುತ್ತದೆ ಎಂದರೆ ಓಡುವಾಗ ವಿಳಾಸ ಟೈಪ್ ಮಾಡಬಹುದು ಎಂದಲ್ಲ. ಅದಕ್ಕೆ ಬೈಕ್ ನಿಲ್ಲಿಸಲೇಬೇಕು.

ಇನ್ನು ಹಿಡಿತ. ಗಾಳಿತಡೆಯ ಹಿಂದೆ, ಮೀಟರಿನ ಮೇಲೆ ಅಡ್ಡಪಟ್ಟಿ ಇರುವ ಬೈಕಾದರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ದೂರಪ್ರಯಾಣದ ಬೈಕುಗಳಲ್ಲಿ ಹೆಚ್ಚಾಗಿ 12 ಮಿ.ಮೀ. ದಪ್ಪದ ನಳಿಗೆ ಇರುತ್ತದೆ. ಅದು ಹ್ಯಾಂಡಲ್ ಜೊತೆ ತಿರುಗುವುದಿಲ್ಲ, ಕಣ್ಣಿಗೆ ಹತ್ತಿರ, ಗಾಳಿ ಮಳೆಯಿಂದಲೂ ಒಂದಿಷ್ಟು ಮರೆ. ಆದರೆ ಆ ಪಟ್ಟಿ ಬರೀ ಪ್ಲಾಸ್ಟಿಕ್ಕಿಗೆ ಸ್ಕ್ರೂ ಮಾಡಿದ್ದೋ, ಲೋಹದ ಚೌಕಟ್ಟಿಗೆ ಸೇರಿದ್ದೋ ಎಂದು ಮೊದಲು ನೋಡಿ. ಪ್ಲಾಸ್ಟಿಕ್ಕಿಗೆ ಹಿಡಿಸಿದ್ದಾದರೆ ಸಾಧನದ ತೂಕಕ್ಕೆ ಸ್ಕ್ರೂ ತೂತಿನ ಸುತ್ತ ಬಿರುಕು ಹುಟ್ಟುತ್ತದೆ.

ಸಾಮಾನ್ಯ ಬೈಕಿನಲ್ಲಿ ಉಳಿಯುವುದು ಹ್ಯಾಂಡಲ್‌ಬಾರ್. ಕ್ಲಾಂಪ್ ಕೊಳ್ಳುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಬಹುಪಾಲು ಬೈಕುಗಳ ಬಾರ್ 22 ಮಿ.ಮೀ., ಕೆಲವು ಕ್ರೂಸರ್‌ಗಳದ್ದು 25.4 ಮಿ.ಮೀ., ನಡುವೆ ದಪ್ಪವಾಗಿ ತುದಿಗೆ ತೆಳುವಾಗುವ ಬಾರ್‌ಗಳು ನಡುವಿನಲ್ಲಿ 28.6 ಮಿ.ಮೀ. ಇಳಿಜಾರಾಗಿ ತೆಳುವಾಗುವ ಭಾಗದ ಮೇಲೆ ಕ್ಲಾಂಪ್ ಹಾಕಿದರೆ ಎಷ್ಟು ಬಿಗಿದರೂ ಸಣ್ಣ ಕಡೆಗೆ ಜಾರುತ್ತದೆ. ದೊಡ್ಡ ಕ್ಲಾಂಪಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕೂರಿಸುವ ರೂಢಿ ಇದೆ. ಅದು ಬಿಸಿಲಿಗೆ ಮೆದುವಾಗಿ, ಕ್ಲಾಂಪ್ ನಿಧಾನವಾಗಿ ತಿರುಗಿ, ಪರದೆ ಟ್ಯಾಂಕಿನ ಕಡೆಗೆ ಮುಖ ಮಾಡುತ್ತದೆ. ಕ್ಲಾಂಪ್ ಜೊತೆ ಬರುವ ಗಟ್ಟಿ ಪಟ್ಟಿಯನ್ನೇ ಬಳಸಿ. ಯು-ಬೋಲ್ಟ್ ಆದರೆ ಎರಡು ನಟ್‌ಗಳನ್ನೂ ಅರ್ಧರ್ಧ ಸುತ್ತಿನಂತೆ ಸಮನಾಗಿ ಬಿಗಿಯಬೇಕು, ಒಂದನ್ನೇ ಪೂರ್ತಿ ಬಿಗಿದರೆ ಬಾರ್‌ನ ಬಣ್ಣ ಕಿತ್ತು ಗುರುತು ಬೀಳುತ್ತದೆ. ಬಾರ್‌ಗೆ ತೂತು ಕೊರೆಯುವುದಂತೂ ಯಾವ ಕಾರಣಕ್ಕೂ ಸಲ್ಲದು. ಅದು ಟೊಳ್ಳು ಕೊಳವೆ, ತೂತಿನ ಅಂಚಿನಿಂದಲೇ ಬಿರುಕು ಸಾಗುತ್ತದೆ.

ಸ್ಪೋರ್ಟ್ಸ್ ಬೈಕಿನಲ್ಲಿ ಅಡ್ಡ ಬಾರ್ ಇರುವುದೇ ಇಲ್ಲ. ಅಂಥವುಗಳಲ್ಲಿ ಹ್ಯಾಂಡಲ್ ತಿರುಗುವ ನಡುಕಂಬದ ಮೇಲಿನ ನಟ್ಟಿಗೆ ತೂತಿದ್ದರೆ, ಒಳಗೆ ಹಿಗ್ಗಿ ಕಚ್ಚಿಕೊಳ್ಳುವ ರಬ್ಬರ್ ಬೆಣೆಯ ಮೌಂಟ್ ಸಿಗುತ್ತದೆ. ತೂತಿನ ಒಳ ಅಳತೆಯನ್ನು ಮೇಲ್ಭಾಗದಲ್ಲಿ ಮಾತ್ರವಲ್ಲ, ಒಳಗೂ ತೆಗೆದುಕೊಳ್ಳಿ, ಕೆಲವದರಲ್ಲಿ ಒಳಗೆ ಅಗಲವಾಗುತ್ತದೆ. ಈ ಜಾಗ ಗಟ್ಟಿ, ಆದರೆ ತಗ್ಗು. ಎತ್ತರಕ್ಕೆಂದು, ಸಾಧನವನ್ನು ಮೌಂಟಿನ ಬುಡಕ್ಕೆ ಸೇರಿಸುವ ತೋಳು ಉದ್ದದ್ದನ್ನು ಹಾಕಿದರೆ ಅದು ಸವಾರನ ಎದೆಯ ನೇರಕ್ಕೆ ನಿಲ್ಲುವ ಗೂಟವಾಗುತ್ತದೆ. ಮುಂದಿನಿಂದ ಗುದ್ದಿದಾಗ ಮೈ ಜಾರುವುದು ಅದೇ ದಿಕ್ಕಿಗೆ. ಇಲ್ಲಿ ಗಿಡ್ಡ ತೋಳೇ ಇರಲಿ.

ಕನ್ನಡಿಯ ಕಂಬಕ್ಕೆ ಕಟ್ಟುವುದು ಸುಲಭವೆಂದು ಅನೇಕರು ಅದನ್ನು ಆರಿಸುತ್ತಾರೆ. ಕಂಬ ಮೊದಲೇ ನಡುಗುತ್ತಿರುತ್ತದೆ, ಮೇಲೊಂದು ತೂಕ ಸೇರಿದರೆ ಕನ್ನಡಿಯೂ ಮಸುಕು, ಪರದೆಯೂ ಮಸುಕು. ಸ್ಕೂಟರಿನಲ್ಲಿ ಬೇರೆ ದಾರಿ ಇಲ್ಲದಿದ್ದರೆ ಕಂಬದ ಬುಡದಲ್ಲಿ, ಥ್ರೆಡ್ ಇರುವ ಕಡೆಯೇ ಕೂರುವ ಬ್ರಾಕೆಟ್ ಹಾಕಿ. ಯಮಹಾದ ಹಲವು ಬೈಕುಗಳಲ್ಲಿ ಬಲ ಕನ್ನಡಿಯ ಥ್ರೆಡ್ ಉಲ್ಟಾ ಎಂಬುದು ಬಿಚ್ಚುವಾಗ ನೆನಪಿರಲಿ.

ಬ್ರೇಕ್ ಅಥವಾ ಕ್ಲಚ್ ಲಿವರಿನ ಬ್ರಾಕೆಟ್ ಬೋಲ್ಟಿನ ಮೇಲೆ ಕೂರುವ ಮೌಂಟ್‌ಗಳೂ ಇವೆ. ಗಟ್ಟಿಯಾಗಿ ನಿಲ್ಲುತ್ತವೆ ನಿಜ, ಆದರೆ ಸಾಧ್ಯವಾದಷ್ಟೂ ಕ್ಲಚ್ ಕಡೆಯದನ್ನೇ ಮುಟ್ಟಿ. ಮೌಂಟಿನ ತಳ 8 ಮಿ.ಮೀ. ದಪ್ಪವಿದ್ದರೆ ಬೋಲ್ಟೂ ಅಷ್ಟೇ ಉದ್ದ ಹೆಚ್ಚಿರಬೇಕು. ಹಳೇ ಬೋಲ್ಟನ್ನೇ ಹಾಕಿದರೆ ಅಲ್ಯೂಮಿನಿಯಂ ಒಳಗೆ ಎರಡು ಮೂರು ಸುತ್ತು ಮಾತ್ರ ಕಚ್ಚಿ, ಬಿಗಿಯುವಾಗಲೇ ಥ್ರೆಡ್ ಕಿತ್ತು ಬರುತ್ತದೆ. 6 ಮಿ.ಮೀ. ಬೋಲ್ಟಿಗೆ ಅಲ್ಯೂಮಿನಿಯಂನಲ್ಲಿ ಕನಿಷ್ಠ 9 ಮಿ.ಮೀ. ಹಿಡಿತ ಬೇಕು, ಎಷ್ಟು ಬಿಗಿ ಎಂಬುದನ್ನು ಆ ಬೈಕಿನ ಸರ್ವಿಸ್ ಪುಸ್ತಕದಲ್ಲೇ ನೋಡಬೇಕು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಸ್ಕ್ರೂಗಳಿಗೆ ಮೌಂಟ್ ಕಟ್ಟುವುದು ಬೇಡವೇ ಬೇಡ. ಮುಚ್ಚಳ ಸ್ವಲ್ಪ ಸಡಿಲವಾದರೂ ಆಯಿಲ್ ಜಿನುಗಿ ಬಣ್ಣ ತಿನ್ನುತ್ತದೆ, ಗಾಳಿಯ ತೇವ ಒಳಗಿಳಿದು ಆಯಿಲ್ ಕುದಿಯುವ ಮಟ್ಟ ತಗ್ಗುತ್ತದೆ.

ಸಾಧನ ಮತ್ತು ಕ್ಲಾಂಪ್ ನಡುವಿನ ಜೋಡಣೆ ಬೇರೆ ಬೇರೆ ಕಂಪನಿಗಳದ್ದಾದರೂ ಎರಡು ಅಳತೆಗಳು ಬಹುತೇಕ ಎಲ್ಲೆಡೆ ಹೊಂದುತ್ತವೆ: 1 ಇಂಚಿನ ರಬ್ಬರ್ ಗುಂಡು, ಮತ್ತು ಸುಮಾರು 30 × 38 ಮಿ.ಮೀ. ಅಂತರದ ನಾಲ್ಕು ತೂತು. ಈ ಎರಡನ್ನು ಬಿಟ್ಟು ತನ್ನದೇ ಆಕಾರದ ಮೌಂಟ್ ಕೊಂಡರೆ ಮುಂದೆ ಸಾಧನ ಬದಲಿಸಿದಾಗ ಇಡೀ ಸೆಟ್ ಬದಲಿಸಬೇಕು. ತೋಳು ಎಷ್ಟು ಗಿಡ್ಡವೋ ನಡುಕ ಅಷ್ಟು ಕಡಿಮೆ. ಸ್ಕ್ರೂ ಸಡಿಲವಾಗದಂತೆ ಥ್ರೆಡ್ ಲಾಕ್ ಅಂಟು ಹಾಕುವವರು ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ ಹಾಕಲಿ. ಅದು ತಾಗಿದರೆ ಪಾಲಿಕಾರ್ಬೊನೇಟ್‌ನಂಥ ಪ್ಲಾಸ್ಟಿಕ್ ಸೀಳುತ್ತದೆ. ಪ್ಲಾಸ್ಟಿಕ್ ಇರುವ ಕಡೆ ನೈಲಾನ್ ಉಂಗುರದ ನಟ್ ಸಾಕು. ಮೊದಲ 100 ಕಿ.ಮೀ. ಆದ ಮೇಲೆ ಎಲ್ಲ ನಟ್‌ಗಳನ್ನೂ ಇನ್ನೊಮ್ಮೆ ಮುಟ್ಟಿ ನೋಡಲೇಬೇಕು, ರಬ್ಬರ್ ಅಷ್ಟರಲ್ಲಿ ಅಮುಕಿರುತ್ತದೆ. ಸಾಧನದಿಂದ ಬಾರ್‌ಗೆ ಒಂದು ಗಿಡ್ಡ ದಾರ ಕಟ್ಟಿದರೆ, ಹಿಡಿತ ಕಳಚಿದರೂ ಅದು ಚಕ್ರದತ್ತ ಬೀಳುವುದಿಲ್ಲ. ದಾರದ ಉದ್ದ ಮುಂದಿನ ಚಕ್ರದವರೆಗೆ ತಲುಪದಷ್ಟಿರಲಿ.

ಫೋನನ್ನೇ ಜಿಪಿಎಸ್ ಆಗಿ ಬಳಸುವವರು ಈಗ ಹೆಚ್ಚು, ಅವರಿಗೆ ನಡುಕದ ವಿಷಯ ಬೇರೆಯೇ. ಕ್ಯಾಮೆರಾ ಅಲುಗಾಡದಂತೆ ಲೆನ್ಸನ್ನು ಅಯಸ್ಕಾಂತಗಳ ನಡುವೆ ತೇಲಿಸುವ ವ್ಯವಸ್ಥೆ ಇರುವ ಫೋನುಗಳಲ್ಲಿ ಎಂಜಿನ್‌ನ ಕಂಪನ ಆ ಭಾಗವನ್ನೇ ಕೆಡಿಸಬಲ್ಲದು. ಒಂಟಿ ಸಿಲಿಂಡರ್ ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಬಾರ್ ಸೆಕೆಂಡಿಗೆ 83 ಸಲ ಅದುರುತ್ತಿರುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿಯೇ, ಹೆಚ್ಚು ಶಕ್ತಿಯ ಎಂಜಿನ್ ಇರುವ ಬೈಕುಗಳಿಗೆ ಐಫೋನ್ ಕಟ್ಟಬೇಡಿ, ಸ್ಕೂಟರ್‌ನಂಥ ಸಣ್ಣ ಗಾಡಿಗಳಲ್ಲೂ ಕಂಪನ ಹೀರುವ ಮೌಂಟ್ ಬಳಸಿ ಎಂದು ಪ್ರಕಟಿಸಿತು. ಕಂಪನ ಹೀರುವ ಸಿಲಿಕೋನ್ ಬುಶ್‌ಗಳು ಉಪಯುಕ್ತ, ಆದರೆ ಅವು ಗಟ್ಟಿಯಾದ ಮೇಲೆ ಕೆಲಸ ಮಾಡುವುದಿಲ್ಲ, ಬದಲಿಸುತ್ತಿರಬೇಕು. ಅಯಸ್ಕಾಂತದಿಂದ ಫೋನ್ ಹಿಡಿಯುವ ಮೌಂಟ್ ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತದೆ: ಓಡುವಾಗ ಗೊತ್ತಾಗುವುದಿಲ್ಲ, ನಾಲ್ಕು ದಾರಿ ಕೂಡುವಲ್ಲಿ ನಿಂತಾಗ ಬಾಣ ಎತ್ತಲೋ ತಿರುಗಿರುತ್ತದೆ.

ವಿದ್ಯುತ್ ಸಂಪರ್ಕದಲ್ಲಿ ಆಗುವ ತಪ್ಪುಗಳೇ ಎಲ್ಲಕ್ಕಿಂತ ಹೆಚ್ಚು. ಬ್ಯಾಟರಿಯ 12 ವೋಲ್ಟ್, ಎಂಜಿನ್ ಓಡುವಾಗ 14 ದಾಟುತ್ತದೆ. ಸಾಧನಕ್ಕೆ ಬೇಕಾದದ್ದು 5 ವೋಲ್ಟ್. ನಡುವೆ ವೋಲ್ಟೇಜ್ ಇಳಿಸುವ ಕನ್ವರ್ಟರ್ ಇರಲೇಬೇಕು. 5 ವೋಲ್ಟ್, 2 ಆಂಪಿಯರ್ ಎಂದರೆ 10 ವಾಟ್. ಬ್ಯಾಟರಿಯಿಂದ ಹೊರಡುವುದು 1 ಆಂಪಿಯರ್ ಸುತ್ತಮುತ್ತ. ಹಾಗಾಗಿ 2 ಅಥವಾ 3 ಆಂಪಿಯರ್ ಫ್ಯೂಸ್ ಸಾಕು, 10ರದ್ದು ಹಾಕಿ ನಿಶ್ಚಿಂತರಾಗಬೇಡಿ. ಫ್ಯೂಸ್ ಇರುವುದು ವೈರನ್ನು ಕಾಯಲು. ಅದು ಬ್ಯಾಟರಿಯ ಪಾಸಿಟಿವ್ ಹತ್ತಿರವೇ, ಒಂದು ಗೇಣಿನೊಳಗೆ ಇರಬೇಕು. ಹ್ಯಾಂಡಲ್ ಹತ್ತಿರ ಹಾಕಿದರೆ, ಟ್ಯಾಂಕ್ ಅಡಿಯಲ್ಲಿ ವೈರ್ ಉಜ್ಜಿ ಚಾಸಿಗೆ ತಾಗಿದಾಗ ಅದರಿಂದ ಏನೂ ಪ್ರಯೋಜನವಿಲ್ಲ. ವೈರ್ 0.75 ಚದರ ಮಿ.ಮೀ. ಇದ್ದರೆ ಸಾಲುತ್ತದೆ.

ಕನ್ವರ್ಟರ್ ಅನ್ನು ಬ್ಯಾಟರಿಗೆ ನೇರ ಕೊಟ್ಟರೆ, ಸಾಧನ ತೆಗೆದಿಟ್ಟ ಮೇಲೂ ಅದು ಕರೆಂಟ್ ಕುಡಿಯುತ್ತಿರುತ್ತದೆ. 20 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ ಅರ್ಧ ಆಂಪಿಯರ್-ಅವರ್ ಹತ್ತಿರ. 5 ಆಂಪಿಯರ್-ಅವರ್ ಬ್ಯಾಟರಿ ಹತ್ತು ದಿನದಲ್ಲಿ ಬರಿದು. ಆದ್ದರಿಂದ ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಹಾಗೆ ರಿಲೇ (ಕರೆಂಟಿನಿಂದಲೇ ಆನ್ ಆಗುವ ಸ್ವಿಚ್) ಹಾಕಿ. ಅದರ ಕಾಲುಗಳ ಮೇಲೆ ಅಂಕಿ ಇರುತ್ತದೆ: 30ನೇ ಕಾಲಿಗೆ ಫ್ಯೂಸ್ ಮೂಲಕ ಬ್ಯಾಟರಿ ಪಾಸಿಟಿವ್, 87ರಿಂದ ಕನ್ವರ್ಟರ್, 85 ನೆಗೆಟಿವ್‌ಗೆ, 86ಕ್ಕೆ ಕೀ ತಿರುಗಿಸಿದಾಗ ಕರೆಂಟ್ ಬರುವ ಯಾವುದಾದರೂ ವೈರ್. ದೀಪಗಳ ಮೇಲೆ ಕಂಪ್ಯೂಟರ್ ಕಣ್ಣಿಟ್ಟಿರುವ ಹೊಸ ಬೈಕುಗಳಲ್ಲಿ ವೈರ್ ಕತ್ತರಿಸಿ ಜೋಡಿಸದೆ, ತಯಾರಕರೇ ಕೊಟ್ಟಿರುವ ಹೆಚ್ಚುವರಿ ಪ್ಲಗ್ ಹುಡುಕಿ. ಸೆಲ್ಫ್ ಒತ್ತಿದಾಗ ವೋಲ್ಟೇಜ್ ಕುಸಿಯುವುದರಿಂದ ಒಳಬ್ಯಾಟರಿ ಇಲ್ಲದ ಸಾಧನ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದು ದೋಷವಲ್ಲ, ಎಂಜಿನ್ ಶುರು ಮಾಡಿದ ಮೇಲೆ ಸಾಧನ ಆನ್ ಮಾಡಿ.

ವೈರ್ ಎಳೆಯುವಾಗ ಬೈಕಿನ ಮೂಲ ವೈರಿಂಗ್ ಹೋಗಿರುವ ದಾರಿಯನ್ನೇ ಹಿಡಿಯಿರಿ. ಕುತ್ತಿಗೆಯ ಭಾಗದಲ್ಲಿ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿದರೂ ಎಳೆಯದಷ್ಟು ಸಡಿಲ ಬಿಡಬೇಕು, ಆದರೆ ಆ ಸಡಿಲ, ಹ್ಯಾಂಡಲ್ ತಿರುಗುವುದನ್ನು ತಡೆದು ನಿಲ್ಲಿಸುವ ಸ್ಟಾಪರ್ ನಡುವೆ ಸಿಕ್ಕಿಕೊಳ್ಳಬಾರದು. ನಡುಗುವ ಜಾಗದಲ್ಲಿ ಬೆಸುಗೆಗಿಂತ ಕ್ರಿಂಪ್ (ಲೋಹದ ಕೊಳವೆಯೊಳಗೆ ವೈರ್ ಇಟ್ಟು ಇಕ್ಕಳದಿಂದ ಅಮುಕಿ ಜೋಡಿಸುವುದು) ವಾಸಿ: ಬೆಸುಗೆಯ ಸೀಸ ಎಳೆಗಳೊಳಗೆ ಹರಿದು ವೈರ್ ಸೆಟೆಯುತ್ತದೆ, ಸೆಟೆದ ಭಾಗ ಮುಗಿಯುವಲ್ಲೇ ತುಂಡಾಗುತ್ತದೆ. ಪ್ಲಗ್ ಸಾಧನ ಸೇರುವ ಮುನ್ನ ವೈರ್ ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ಮಳೆನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗುತ್ತದೆ.

ಸಾಧನದ ಮೇಲೆ ನೀರುತಡೆಯ ಮಟ್ಟವಾಗಿ ಐಪಿಎಕ್ಸ್7 ಎಂದು ಬರೆದಿರುವುದು 1 ಮೀಟರ್ ನಿಂತ ನೀರಿನಲ್ಲಿ 30 ನಿಮಿಷದ ಪರೀಕ್ಷೆಯ ಗುರುತು. ರಭಸದ ನೀರಿನ ಧಾರೆಗೆ ಅದು ಅನ್ವಯಿಸುವುದಿಲ್ಲ. ಬೈಕ್ ತೊಳೆಯಲು ಬಿಡುವ ಮೊದಲು ಸಾಧನ ಬಿಚ್ಚಿ, ಅದು ಕೂರುವ ತೊಟ್ಟಿಲಿನ (ಹೋಲ್ಡರ್‌ನ) ಲೋಹದ ಪಿನ್ನುಗಳಿಗೆ ಮುಚ್ಚಳ ಹಾಕಿ. ಧ್ರುವೀಕೃತ (ಪೋಲರೈಸ್ಡ್) ತಂಪು ಕನ್ನಡಕ ಹಾಕುವವರು ಕೊಳ್ಳುವ ಮುನ್ನವೇ ಅದೇ ಕನ್ನಡಕದಲ್ಲಿ ಪರದೆ ನೋಡಲಿ. ಅಡ್ಡ ಹಿಡಿದಾಗ ಕಪ್ಪಾಗುವ ಪರದೆ ಉದ್ದ ನಿಲ್ಲಿಸಿದಾಗ ಕಾಣಬಹುದು, ಆಗ ಮೌಂಟೂ ಹಾಗೆಯೇ ತಿರುಗುವಂತಿರಬೇಕು.

ತಮ್ಮ ವಾಹನ ಪುಟದಲ್ಲಿ ಇಂಥ ಸಾಧನಗಳ ಪರಿಚಯ ಬರೆಯುವಾಗ ಪರದೆಯ ಇಂಚು, ನಕ್ಷೆಯ ವಿವರದ ಜೊತೆಗೆ ಸಾಧನದ ತೂಕ, ಹಿಂಬದಿಯ ತೂತುಗಳ ಅಂತರ, ಎಳೆಯುವ ಕರೆಂಟ್, ಗ್ಲೌಸ್ ಹಾಕಿದ ಬೆರಳಿಗೆ ಪರದೆ ಸ್ಪಂದಿಸುತ್ತದೆಯೇ ಎಂಬುದನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ. ಅಂಗಡಿಗೆ ಹೋಗುವ ಮೊದಲೇ ಓದುಗರು ಬೈಕಿನ ಮುಂದೆ ಕೂತು ರಟ್ಟು ಕತ್ತರಿಸಲು ಈ ನಾಲ್ಕು ವಿವರಗಳು ಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದ್ವಿಚಕ್ರ ವಾಹನ ತಂತ್ರಜ್ಞ