ಗಾಜು ಒರೆಸುವ ಅಳಿಯನಿಗೆ ಮಾಮನ ಪತ್ರ

ಪ್ರೀತಿಯ ಅಳಿಯಾ,

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಇದ್ದ ಕೆಲಸ ಬಿಟ್ಟು ಇಬ್ಬರು ಹುಡುಗರನ್ನು ಜೊತೆಗಿಟ್ಟುಕೊಂಡು ಕಿಟಕಿ ಗಾಜು ಕ್ಲೀನ್ ಮಾಡುವ ಕೆಲಸ ಶುರು ಮಾಡಿದ್ದೀಯಂತೆ. ಮೊದಲನೇ ಗಿರಾಕಿಯೇ ಗೆರೆ ಗೆರೆ ಉಳಿದಿದೆ ಅಂತ ಅರ್ಧ ದುಡ್ಡು ಕೊಟ್ಟು ಕಳಿಸಿದರಂತೆ. "ಓದಿದ ಹುಡುಗ ಕಿಟಕಿ ಒರೆಸ್ಕೊಂಡು ಕೂತಿದಾನೆ, ನೀನಾದ್ರೂ ಬುದ್ಧಿ ಹೇಳು" ಅಂದಳು. ಹೇಳ್ತೀನಿ ಅಂದೆ. ಅವಳು ಯಾವ ಬುದ್ಧಿ ಅಂದುಕೊಂಡಳೋ ಗೊತ್ತಿಲ್ಲ, ಬೆಂಗಳೂರಿನ ಆಫೀಸು ಕಟ್ಟಡಗಳಲ್ಲಿ 22 ವರ್ಷ ಇದೇ ಕೆಲಸ ಮಾಡಿ ಮನೆ ಕಟ್ಟಿಸಿದ ನಾನು ಬೇರೆ ಏನು ಹೇಳಲಿ!

ಒರೆಸೋಕೆ ಯಾವ ಬಟ್ಟೆ ತಗೋಬೇಕು ಅಂತ ಕೇಳಿ ನೀನು ಕಳಿಸಿದ ಫೋಟೋ ನೋಡಿದೆ. ಒಂದು ಸ್ಪ್ರೇ ಬಾಟಲಿ, ಕಾರು ಒರೆಸುವ ದಪ್ಪ ಹಳದಿ ಬಟ್ಟೆ, ಮೂಲೆಯಲ್ಲಿ ನೆಲ ಬಳಿಯುವ ವೈಪರ್. ಗೆರೆ ಬರದೇ ಇನ್ನೇನು ಬರುತ್ತೆ? ಒಂದು ವಿಷಯ ಮೊದಲು ತಿಳ್ಕೋ. ಗಾಜಿನ ಮೇಲೆ ಕಾಣುವ ಗೆರೆ ನೀನು ಬಿಟ್ಟ ಧೂಳಲ್ಲ, ಅದು ಅಲ್ಲೇ ಒಣಗಿದ ನೀರು. ನೀನಿರುವ ಕಡೆ ಬೋರ್‌ವೆಲ್ ನೀರು ಅಲ್ವಾ? ಕುಡಿಯುವ ನೀರಿಗೆ ನಮ್ಮ ಭಾರತೀಯ ಮಾನದಂಡ ಐಎಸ್ 10500 ಹೇಳುವ ಟಿಡಿಎಸ್ ಮಿತಿ, ಅಂದರೆ ನೀರಲ್ಲಿ ಕರಗಿರುವ ಉಪ್ಪು, ಖನಿಜದ ಮಿತಿ, ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಸಿಗದ ಕಡೆ 2,000ದವರೆಗೆ ಬಿಡುತ್ತಾರೆ. ಅಂದರೆ 1,000 ಇರುವ ನೀರು ಒಂದು ಲೀಟರ್ ಗಾಜಿನ ಮೇಲೆ ಒಣಗಿದರೆ ಒಂದು ಗ್ರಾಂ ಬಿಳಿ ಪುಡಿ ಅಲ್ಲೇ ಕೂರುತ್ತೆ. ನೀನು ಬಟ್ಟೆಯಲ್ಲಿ ತಿಕ್ಕಿದ್ದು ಆ ಪುಡಿಯನ್ನೇ, ಈ ಕಡೆಯಿಂದ ಆ ಕಡೆಗೆ. ಅದಕ್ಕೇ ನೀರನ್ನು ಗಾಜಿನ ಮೇಲೆ ಒಣಗಲು ಬಿಡಬೇಡ, ಎಳೆದು ಕೆಳಗಿಳಿಸು. ಈ ಕೆಲಸಕ್ಕೆ ಸ್ಕ್ವೀಜಿ ಬೇಕು, ಅಂದರೆ ಗಾಜಿನ ನೀರು ಎಳೆಯುವ, ಹಿಡಿ ಇರುವ ರಬ್ಬರ್ ಪಟ್ಟಿ. ಬಟ್ಟೆ ಬರುವುದು ಆಮೇಲೆ, ಅದೂ ಅಂಚಿಗೆ ಮಾತ್ರ.

ಸ್ಕ್ವೀಜಿ ಅಂದರೆ ನೆಲದ ವೈಪರ್ ಅಲ್ಲಪ್ಪಾ. 35 ಸೆಂಟಿಮೀಟರಿನದು ಒಂದು ತಗೋ, ಸಣ್ಣ ಪಟ್ಟಿ ಗಾಜುಗಳಿಗೆ ಇನ್ನೊಂದು ಚಿಕ್ಕದು. ಹಿಡಿಗೆ ದುಡ್ಡು ಸುರಿಯಬೇಡ, ರಬ್ಬರಿಗೆ ಸುರಿ. ರಬ್ಬರಿನ ಅಂಚು ಹೊಸ ಬ್ಲೇಡಿನ ಹಾಗೆ ಚೂಪಾಗಿರಬೇಕು, ಉಗುರಿನಿಂದ ಸವರಿದರೆ ಒಂದು ಕಡೆಯೂ ತಡೆಯಬಾರದು. ಅಂಚು ಮೊಂಡಾದ ದಿನ ತಿರುಗಿಸಿ ಹಾಕು, ಎರಡೂ ಕಡೆ ಮುಗಿದರೆ ಎಸೆ. ಇದರಲ್ಲಿ ಜಿಪುಣತನ ಮಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೀನಿ, ಒಂದು ರಬ್ಬರಿನ ದುಡ್ಡು ಉಳಿಸೋಕೆ ಅರ್ಧ ದಿನ ತಿಕ್ಕುತ್ತಾ ನಿಲ್ಲುತ್ತಾರೆ.

10 ಲೀಟರ್ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಟೀ ಚಮಚ ಸಾಕು. ರಬ್ಬರ್ ಜಾರಲಿ ಅಂತ ಸೋಪು ಹಾಕುವುದೇ ಹೊರತು ನೊರೆ ಕಾಣಲಿ ಅಂತಲ್ಲ. ನೀರು ಹಚ್ಚುವ ಬ್ರಶ್ಶಿಗೆ ತೋಳಿನ ಹಾಗೆ ಬಟ್ಟೆ ತೊಡಿಸಿರುತ್ತಾರೆ, ಅದರಿಂದ ಇಡೀ ಗಾಜು, ಮೂಲೆ ಸಮೇತ, ಚೆನ್ನಾಗಿ ತೋಯಿಸಿ ಉಜ್ಜು. ಆಮೇಲೆ ಮೇಲಿನ ಅಂಚಿನಲ್ಲಿ ಒಂದು ಬೆರಳಗಲ ಬಟ್ಟೆಯಿಂದ ಒಣಗಿಸಿಕೋ. ರಬ್ಬರನ್ನು ಆ ಒಣ ಜಾಗದಲ್ಲಿ ಇಟ್ಟು ಎಳೆಯಲು ಶುರು ಮಾಡು. ಒದ್ದೆಯಲ್ಲಿಟ್ಟು ಎಳೆದರೆ ಮೇಲಿಂದ ನೀರು ಇಳಿದು, ಮಾಡಿದ್ದೆಲ್ಲ ಮತ್ತೆ ಕೆಡುತ್ತೆ. ಮೇಲಿಂದ ಕೆಳಗೆ ನೇರ ಎಳೆ, ಮುಂದಿನ ಪಟ್ಟೆ ಹಿಂದಿನದರ ಮೇಲೆ ಒಂದು ಇಂಚು ಹತ್ತಬೇಕು, ಒಂದೊಂದು ಎಳೆತಕ್ಕೂ ರಬ್ಬರ್ ಒರೆಸು. ಯೂಟ್ಯೂಬಿನಲ್ಲಿ ಹಾವಿನ ಹಾಗೆ ಒಂದೇ ಸಲಕ್ಕೆ ತಿರುಗಿಸಿ ಮುಗಿಸುತ್ತಾರಲ್ಲ, ಅದು ನೋಡೋಕೆ ಚಂದ, ಕೈ ಕೂತ ಮೇಲೆ ಬೇಗ ಕೂಡ ಆಗುತ್ತೆ, ಆದರೆ ತಿರುವಿನಲ್ಲಿ ರಬ್ಬರ್ ಎಷ್ಟು ವಾಲಬೇಕು ಅಂತ ಮಣಿಕಟ್ಟಿಗೆ ಗೊತ್ತಾಗುವವರೆಗೆ ಗಿರಾಕಿ ಮನೆಯಲ್ಲಿ ಆಟ ಬೇಡ. ನಿಮ್ಮನೆ ಬಾತ್‌ರೂಮ್ ಕನ್ನಡಿ ಮೇಲೆ ಕಲಿ.

ಬಿಸಿಲು ಬಿದ್ದ ಗಾಜು ಮುಟ್ಟಬೇಡ. ರಬ್ಬರ್ ಬರುವ ಮುಂಚೆಯೇ ನೀರು ಆರಿಹೋಗುತ್ತೆ. ಬೆಳಿಗ್ಗೆ ಪಶ್ಚಿಮದ ಗಾಜು, ಮಧ್ಯಾಹ್ನದ ಮೇಲೆ ಪೂರ್ವದ್ದು, ಅಷ್ಟೇ ಲೆಕ್ಕ.

ಈಗ ಬಟ್ಟೆ. ನೀನು ಕೇಳಿದ್ದೇ ಇದು, ನಾನು ಎಲ್ಲೆಲ್ಲೋ ಹೋದೆ.

ರಬ್ಬರ್ ಎಳೆದ ಮೇಲೆ ಫ್ರೇಮಿನ ಸುತ್ತ ಕೂದಲೆಳೆಯಷ್ಟು ನೀರು ಉಳಿಯುತ್ತೆ. ಬಟ್ಟೆಯನ್ನು ತೋರುಬೆರಳಿಗೆ ಬಿಗಿಯಾಗಿ ಸುತ್ತಿ ಆ ಅಂಚಿನಲ್ಲಿ ಒಂದೇ ಸಲ ಎಳೆದರೆ ಮುಗೀತು. ಗಾಜಿನ ನಡುವೆ ಕೈ ಹಾಕಲೇಬೇಡ. ಒಂದು ಕಿಟಕಿಗೇ ಬಟ್ಟೆ ತೊಯ್ದು ತೊಪ್ಪೆಯಾಯ್ತು ಅಂದರೆ ರಬ್ಬರ್ ನೋಡು, ತಪ್ಪು ಅಲ್ಲಿದೆ. ನಮ್ಮ ಹುಡುಗರ ಕೆಲಸ ನಾನು ಅಳೆಯುತ್ತಿದ್ದುದು ಹೀಗೇ, ಗಾಜು ನೋಡುತ್ತಿರಲಿಲ್ಲ, ಸಂಜೆ ಬಟ್ಟೆ ಹಿಂಡಿ ನೋಡುತ್ತಿದ್ದೆ.

ಆ ಹಳದಿ ಬಟ್ಟೆ ಕಾರಿನ ಮೈ ಒಣಗಿಸುವುದಕ್ಕೆ ಸರಿ. ಉದ್ದ ಎಳೆಯ ಬಟ್ಟೆ ಲೋಟಗಟ್ಟಲೆ ನೀರು ಕುಡಿಯುತ್ತೆ, ಆಮೇಲೆ ಅದೇ ನೀರನ್ನು ಗಾಜಿಗೆ ಬಳಿಯುತ್ತೆ. ಗಾಜಿಗೆ ತೆಳ್ಳಗಿನದು ಬೇಕು, 200ರಿಂದ 300 ಜಿಎಸ್‌ಎಂ ಒಳಗೆ, ಗಿಡ್ಡ ಎಳೆಯದು ಅಥವಾ ಜೇನುಗೂಡಿನ ಹಾಗೆ ಸಣ್ಣ ಚೌಕ ಚೌಕವಾಗಿ ನೇಯ್ದದ್ದು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ. ಜಾಸ್ತಿ ತೂಕ ಅಂದರೆ ಒಳ್ಳೆ ಬಟ್ಟೆ ಅಂತ ಅಂಗಡಿಯವನು ಹೇಳುತ್ತಾನೆ, ತಲೆಯಾಡಿಸಿ ತೆಳ್ಳಗಿನದನ್ನೇ ತಗೊಂಡು ಬಾ.

ಈ ಥರದ ಬಟ್ಟೆಗೆ ಮೈಕ್ರೋಫೈಬರ್ ಅಂತಾರೆ, ತುಂಬಾ ಸಣ್ಣ ಎಳೆಯದು, ಆದರೆ ಹಾಗೆ ಬರೆದದ್ದೆಲ್ಲ ಮೈಕ್ರೋಫೈಬರ್ ಕೆಲಸ ಮಾಡೋಲ್ಲ. ಒಳ್ಳೆಯದರಲ್ಲಿ ಪಾಲಿಯೆಸ್ಟರ್ ಜೊತೆ ಪಾಲಿಅಮೈಡ್, ಅಂದರೆ ನೈಲಾನ್, ಇರುತ್ತೆ, 80ಕ್ಕೆ 20, ಇಲ್ಲವೇ 70ಕ್ಕೆ 30. ಆ ಎಳೆಯನ್ನು ಮತ್ತೆ ಉದ್ದಕ್ಕೆ ಸೀಳಿರುತ್ತಾರೆ, ಆ ಸೀಳಿನ ಸಂದಿಯಲ್ಲೇ ನೀರು, ಜಿಡ್ಡು ಹಿಡಿಯುವುದು. ಸೀಳದ ಬಟ್ಟೆ ನೀರನ್ನು ಸುಮ್ನೆ ತಳ್ಳಿಕೊಂಡು ಹೋಗುತ್ತೆ. ಅಂಗಡಿಯಲ್ಲೇ ಪರೀಕ್ಷೆ ಮಾಡು. ಒಣಗಿದ ಅಂಗೈ ಮೇಲೆ ಎಳೆ, ಒರಟು ಚರ್ಮಕ್ಕೆ ಸಿಕ್ಕಿಕೊಂಡು ಮೈ ಜುಂ ಅನ್ನಿಸಬೇಕು. ಕೌಂಟರ್ ಮೇಲೆ ನಾಲ್ಕು ಹನಿ ನೀರು ಹಾಕಿ ಬಟ್ಟೆಯಿಂದ ಮೆಲ್ಲಗೆ ಸರಿಸು, ನೀರು ಮುಂದೆ ಓಡಿದರೆ ಬಟ್ಟೆ ಅಲ್ಲೇ ಬಿಟ್ಟು ಬಾ.

ಹತ್ತಿ ಬಟ್ಟೆ ಬೇಡ್ವಾ ಅಂತ ಕೇಳಬಹುದು. ಗ್ಯಾರೇಜಿಗೆ ಕೆಜಿ ಲೆಕ್ಕದಲ್ಲಿ ಬರುವ ಬನಿಯನ್ ವೇಸ್ಟ್ ಬೇಡ, ನವಿರು ಉದುರಿಸುತ್ತೆ. ಆದರೆ ನೂರು ಸಲ ಒಗೆದ ಹಳೇ ಪಂಚೆ ಇದೆಯಲ್ಲ, ಅದರಲ್ಲಿ ಗಂಜಿಯೂ ಇಲ್ಲ, ಉದುರುವ ಎಳೆಯೂ ಇಲ್ಲ, ಅಂಚು ಒರೆಸೋಕೆ ಅದರಂಥದ್ದು ಇನ್ನೊಂದಿಲ್ಲ. ನಿನ್ನ ತಾತನ ಪಂಚೆ ಎರಡು ಹರಿದು ನಾನು ನಾಲ್ಕು ವರ್ಷ ಬಳಸಿದೆ. ಪೇಪರಿನಲ್ಲಿ ಒರೆಸುವವರೂ ಇದ್ದಾರೆ. ಗಾಜೇನೋ ಹೊಳೆಯುತ್ತೆ, ಬಿಳಿ ಫ್ರೇಮಿಗೆ ಮಸಿ ಹತ್ತಿದರೆ ಗಿರಾಕಿಗೆ ನೀನೇ ಉತ್ತರ ಹೇಳು.

ಬಟ್ಟೆಯನ್ನು ನಾಲ್ಕು ಮಡಿಕೆ ಮಾಡು, ಎಂಟು ಮುಖ ಸಿಗುತ್ತೆ. ಒಂದು ಕೊಳೆಯಾದರೆ ತಿರುವು. ಒಗೆಯುವಾಗ ಮೈಕ್ರೋಫೈಬರನ್ನು ಟವೆಲ್ ಜೊತೆ ಹಾಕಬೇಡ, ಅದರ ನವಿರೆಲ್ಲ ಇದಕ್ಕೆ ಅಂಟುತ್ತೆ. ಕಂಫರ್ಟ್ ಥರದ ಮೆದು ಮಾಡುವ ಲಿಕ್ವಿಡ್ ಒಂದು ಹನಿಯೂ ಬೇಡ, ಸೀಳಿನ ಮೇಲೆ ಪದರ ಕಟ್ಟಿ ಬಟ್ಟೆ ನೀರನ್ನೇ ಮರೆಯುತ್ತೆ. ಬ್ಲೀಚು, ಕುದಿಯುವ ನೀರು, ಇಸ್ತ್ರಿ ಮೂರೂ ಬೇಡ. ಇದನ್ನು ಅಕ್ಕನಿಗೂ ಹೇಳು, ಅವಳು ಪ್ರೀತಿಯಿಂದ ಎಲ್ಲ ಒಟ್ಟಿಗೆ ಮೆಷಿನ್ನಿಗೆ ಹಾಕಿಬಿಡುತ್ತಾಳೆ.

ಇನ್ನೊಂದು ಹೇಳಲೇಬೇಕು. ಹೊಸ ಕಟ್ಟಡದ ಗಾಜಿನಲ್ಲಿ ಪೇಂಟು, ಸಿಮೆಂಟು ಕಂಡರೆ ಕೈ ಬ್ಲೇಡಿಗೆ ಹೋಗುತ್ತೆ. ನನ್ನದೂ ಹೋಗಿತ್ತು. ಒಂದು ಆಫೀಸಿನಲ್ಲಿ ಮೂಲೆಯಲ್ಲಿದ್ದ ಟಫನ್ಡ್ (ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಗಾಜು) ಅನ್ನೋ ಮುದ್ರೆ ನೋಡದೆ ಸ್ಕ್ರೇಪರ್ ಎಳೆದೆ, ಸಂಜೆ ಬಿಸಿಲಿಗೆ ಇಡೀ ಗಾಜು ಬೆಕ್ಕು ಪರಚಿದ ಹಾಗೆ ಕಂಡಿತು, ಎರಡು ತಿಂಗಳ ಸಂಬಳ ಹೋಯಿತು. ಆ ಗಾಜು ಕುಲುಮೆಯ ರೋಲರ್ ಮೇಲೆ ಹೋಗುವಾಗ ಸಣ್ಣ ಗಾಜಿನ ಚೂರು ಅದರ ಒಂದು ಕಡೆಗೆ ಅಂಟಿ ಬೆಂದುಹೋಗಿರುತ್ತೆ, ಬ್ಲೇಡು ಅದನ್ನು ಕಿತ್ತು ಎಳೆದುಕೊಂಡು ಹೋಗುತ್ತೆ. ಒದ್ದೆ ಗಾಜನ್ನು ಬೆರಳಿಂದ ಸವರಿದಾಗ ಮರಳಿನ ಹಾಗೆ ತಾಕಿದರೆ ಬ್ಲೇಡು ಜೇಬಲ್ಲೇ ಇರಲಿ. ಗಾಜಿಗೆ ಬಿಸಿಲು ತಡೆಯುವ ಕೂಲಿಂಗ್ ಫಿಲ್ಮ್ ಅಂಟಿಸಿದ್ದರೂ ಅಷ್ಟೇ. ಶುರು ಮಾಡುವ ಮುಂಚೆ ಇರುವ ಗೀರೆಲ್ಲ ಫೋಟೋ ತೆಗೆದು ಗಿರಾಕಿಗೆ ವಾಟ್ಸಾಪ್ ಮಾಡಿಬಿಡು. ಬಿಳಿ ಕಲೆಗೆ ವಿನೆಗರ್ ಹಾಕಿ ನೋಡು, ಹೋಗದಿದ್ದರೆ ಹೋಗಲ್ಲ ಅಂತ ಹೇಳು. ಬಾತ್‌ರೂಮ್ ಆ್ಯಸಿಡ್ ಮಾತ್ರ ತರಬೇಡ, ಅಲ್ಯೂಮಿನಿಯಂ ಫ್ರೇಮು ತಿಂದುಹಾಕುತ್ತೆ.

ಎತ್ತರದ ಕೆಲಸ ಈಗ ಬೇಡ. ಹಗ್ಗದಲ್ಲಿ ಇಳಿಯುವವರಿಗೆ ತರಬೇತಿ ಇರುತ್ತೆ, ಒಂದು ಇಳಿಯೋಕೆ, ಒಂದು ಜೀವಕ್ಕೆ ಅಂತ ಎರಡು ಹಗ್ಗ, ಎರಡೂ ಬೇರೆ ಬೇರೆ ಕಡೆ ಕಟ್ಟಿರುತ್ತಾರೆ. ಒಂದೇ ಹಗ್ಗದಲ್ಲಿ ಇಳಿಸುವ ಗುತ್ತಿಗೆದಾರ ಎಷ್ಟು ಕೊಡ್ತೀನಿ ಅಂದರೂ ವಾಪಸ್ ಬಾ.

ಅಕ್ಕನಿಗೆ ಇದೊಂದು ಓದಿ ಹೇಳು. ಈಗ ನೀನು ಹಿಡಿಯುವ ಥರದ ಹಗುರ ಹಿತ್ತಾಳೆ ಸ್ಕ್ವೀಜಿಗೆ 1936ರಲ್ಲಿ ಪೇಟೆಂಟ್ ತಗೊಂಡವನು ಎಟ್ಟೋರೆ ಸ್ಟೆಕ್ಕೋನೆ. ಇಟಲಿಯಿಂದ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿಗೆ ಬಂದು ಕಿಟಕಿ ಒರೆಸುತ್ತಿದ್ದವನು. ಆಗಿದ್ದ ಭಾರದ ಉಕ್ಕಿನದು ಎಳೆದೆಳೆದು ಸಾಕಾಗಿ ತಾನೇ ಮಾಡಿಕೊಂಡ. ಅವನ ಹೆಸರಿನ ಕಂಪನಿ ಇವತ್ತಿಗೂ ನಡೀತಿದೆ.

ಭಾನುವಾರ ಬಾ. ಬರುವಾಗ ನಿನ್ನ ಬಟ್ಟೆ, ರಬ್ಬರ್ ಎಲ್ಲ ತಗೊಂಡೇ ಬಾ, ನೋಡೋಣ. ನಮ್ಮ ಅಡುಗೆಮನೆ ಕಿಟಕಿ ಒರೆಸಿ ಮೂರು ತಿಂಗಳಾಯ್ತು ಅಂತ ನಿನ್ನ ಅತ್ತೆ ದಿನಾ ಬೈತಿದ್ದಾಳೆ.

ನಿನ್ನ ಮಾಮ