ಹೆಸರಿನ ಸಾಲು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು, ಹೈಸ್ಕೂಲಿನ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡಬೇಕು ಎಂದು ಬರೆದಿದ್ದರು. ನೆರೆ, ಬರ, ಜಗಳ ಇರುವ ಈ ಕಾಲದಲ್ಲಿ ಚಿತ್ರ ಬಿಡಿಸುತ್ತ ಕೂರುವುದು ಹೊಟ್ಟೆ ತುಂಬಿದವರ ಕೆಲಸ ಅನ್ನುವುದು ಅವರ ಮಾತು. ನಾನು 28 ವರ್ಷ ಡ್ರಾಯಿಂಗ್ ಕಲಿಸಿದವನು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ನನ್ನ ಪೀರಿಯಡ್ಡನ್ನು ನಾನೇ ಎಷ್ಟೋ ಸಲ ಗಣಿತದ ಮೇಷ್ಟ್ರಿಗೆ ಬಿಟ್ಟುಕೊಟ್ಟಿದ್ದೇನೆ. ಅದಕ್ಕೆ ಬೇಜಾರಿಲ್ಲ. 'ಹೊಟ್ಟೆ ತುಂಬಿದವರ ಕೆಲಸ' ಎಂಬ ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ.

2019ರ ಆಗಸ್ಟ್ ನೆನಪಿದೆ ಅಲ್ವಾ? ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟರು, ಮಲಪ್ರಭೆ ಉಕ್ಕಿತು. ಕೊಣ್ಣೂರು ಕಡೆಯ ಹೊಳೆಸಾಲಿನ ಹಳ್ಳಿಗಳಿಗೆ ನೀರು ನುಗ್ಗಿತು. ಅತ್ತ ಪಟ್ಟದಕಲ್ಲಿನ ಗುಡಿಗಳೂ ನೀರಲ್ಲಿ ನಿಂತವು. ನಮ್ಮ ಶಾಲೆ ಗಂಜಿ ಕೇಂದ್ರವಾಯಿತು. ಎಂಟನೇ ಕ್ಲಾಸಿನ ಬೆಂಚುಗಳನ್ನು ವರಾಂಡಕ್ಕೆ ಹಾಕಿ, ಆ ಒಂದು ಕೋಣೆಯಲ್ಲಿ ಹನ್ನೊಂದು ಮನೆಯವರನ್ನು ಇರಿಸಿದೆವು.

ಮೊದಲೆರಡು ದಿನ ನಾನೂ ಎಲ್ಲರ ಹಾಗೆ ಅಕ್ಕಿ ಚೀಲ ಹೊತ್ತೆ, ಚಾದರದ ಲೆಕ್ಕ ಬರೆದೆ. ಗಾಡಿ ಮೇಲೆ ಗಾಡಿ ಬಂದವು. ಜನ ಧಾರಾಳವಾಗಿ ಕೊಟ್ಟರು, ಸುಳ್ಳು ಹೇಳಬಾರದು. ಆದರೆ ಕೊಡುವ ಕೈ ಚಾಚುವ ಮೊದಲೇ ಮೊಬೈಲು ಮೇಲೇಳುತ್ತಿತ್ತು. ರೊಟ್ಟಿ ಕಟ್ಟು ಕೊಡುವಾಗ ಒಂದು ಫೋಟೋ, ಸೀರೆ ಕೊಡುವಾಗ ಇನ್ನೊಂದು. ಮೂರನೇ ದಿನದ ಹೊತ್ತಿಗೆ ಹೆಣ್ಣುಮಕ್ಕಳು ಮೊಬೈಲು ಕಂಡ ಕೂಡಲೇ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು.

ಅವತ್ತು ಸಂಜೆ ಕರೆಂಟು ಹೋಗಿತ್ತು, ಕೆಲಸವೂ ಇರಲಿಲ್ಲ. ಜೇಬಲ್ಲಿ ಒಂದು 6ಬಿ ಪೆನ್ಸಿಲ್ಲು, ಚೀಲದಲ್ಲಿ ಯಾರದೋ ಲಗ್ನಪತ್ರಿಕೆ. ಅದರ ಹಿಂದಿನ ಬಿಳಿ ಮಗ್ಗುಲಲ್ಲಿ, ಬಾಗಿಲ ಬಳಿ ಕೂತಿದ್ದ ಒಬ್ಬ ಅಜ್ಜಿಯ ಚಿತ್ರ ತೆಗೆಯಲು ಶುರು ಮಾಡಿದೆ. ಅಜ್ಜಿ ನೋಡಿದರು. 'ನನ್ನ ಮಾರಿ ಏನ್ ತಗೀತಿ ಬಿಡೋ ಯಪ್ಪಾ, ಬರೇ ನೆರಿಗಿ' ಅಂದರು. ಆದರೆ ಸೆರಗು ಎಳೆದುಕೊಳ್ಳಲಿಲ್ಲ. ನಲವತ್ತು ನಿಮಿಷ ಹಿಡಿಯಿತು. ಕೈ ಸರಿಯಾಗಿ ಬರಲಿಲ್ಲ, ನನಗೆ ಕೈ ಯಾವತ್ತೂ ಸರಿ ಬರುವುದಿಲ್ಲ. ಅಷ್ಟು ಹೊತ್ತಿನಲ್ಲಿ ಅಜ್ಜಿ ನೀರು ಬಂದ ರಾತ್ರಿಯ ಕಥೆಯನ್ನೆಲ್ಲ ಹೇಳಿದರು. ಎರಡು ದಿನ ಅದೇ ಬಾಗಿಲಲ್ಲಿ ಅಕ್ಕಿ ಹೊತ್ತು ಓಡಾಡಿದ್ದೆ. ಅವರ ಎಡಗಣ್ಣಿಗೆ ಪೊರೆ ಬಂದಿದೆ ಅನ್ನುವುದು ನನಗೆ ಕಂಡಿದ್ದು ಆ ಸಂಜೆ.

ಚಿತ್ರ ಮುಗಿದ ಮೇಲೆ ಅಜ್ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಂದು ಮಾತು ಹೇಳಿದರು. 'ಕೆಳಗ ಹೆಸರು ಬರಿ. ಇಲ್ಲಂದ್ರ ಯಾವುದೋ ಮುದುಕಿ ಅಂತಾರ.'

ಆಗ ನನಗೆ ನೆನಪಾದವರು ಬಂಗಾಳದ ಚಿತ್ರಕಾರ ಚಿತ್ತಪ್ರಸಾದ್. ಗದಗಿನಲ್ಲಿ ಆರ್ಟ್ ಮಾಸ್ಟರ್ ಕೋರ್ಸ್ ಓದುವಾಗ ನಮ್ಮ ಗುರುಗಳು ಹಳೇ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದ ಅವರ ಎರಡು ಚಿತ್ರ ತೋರಿಸಿದ್ದರು. 1943ರ ಬಂಗಾಳದ ಕ್ಷಾಮ. ಯುದ್ಧದ ಕಾಲ. ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುವ ಅಕ್ಕಿ ನಿಂತಿತ್ತು. ಶತ್ರುವಿಗೆ ಸಿಗಬಾರದು ಎಂದು ಸರ್ಕಾರವೇ ಹಳ್ಳಿಗರ ದೋಣಿಗಳನ್ನು ಕಿತ್ತುಕೊಂಡಿತ್ತು. ಅದರ ಮೇಲೆ ಮಿಡ್ನಾಪುರ ಜಿಲ್ಲೆಗೆ 1942ರ ಅಕ್ಟೋಬರಿನಲ್ಲಿ ಚಂಡಮಾರುತ ಬೇರೆ. ಲಕ್ಷಗಟ್ಟಲೆ ಜನ ಸತ್ತರು. 28ರ ಹರೆಯದ ಚಿತ್ತಪ್ರಸಾದ್ 1943ರ ನವೆಂಬರಿನಲ್ಲಿ ಆ ಜಿಲ್ಲೆಯಲ್ಲಿ ಊರೂರು ನಡೆದು, ಕಂಡವರನ್ನು ಬ್ರಷ್ಷು ಇಂಕಿನಲ್ಲಿ ಬರೆದರು. ಎಷ್ಟೋ ಚಿತ್ರಗಳ ಜೊತೆ ಆ ಮನುಷ್ಯನ ಹೆಸರು, ಊರು, ಅವನ ಪಾಡು ಏನಾಯಿತು ಎಂದೂ ಬರೆದಿಟ್ಟರು. ಹೆಸರಿದ್ದ ಕೂಡಲೇ ಅವನು 'ಕ್ಷಾಮಪೀಡಿತ' ಆಗಿ ಉಳಿಯುವುದಿಲ್ಲ ನೋಡಿ. ಯಾರದೋ ಅಪ್ಪ, ಯಾರದೋ ಅಣ್ಣ ಆಗುತ್ತಾನೆ.

ಅದೇ ಹೊತ್ತಿನಲ್ಲಿ ಕಲ್ಕತ್ತೆಯ ಬೀದಿಯಲ್ಲಿ ಜೈನುಲ್ ಆಬೆದಿನ್ ಚಿತ್ರ ಬರೆಯುತ್ತಿದ್ದರು. ಅಲ್ಲಿನ ಸರ್ಕಾರಿ ಕಲಾ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು. ಅಂದರೆ ಅವರೂ ನಮ್ಮ ಹಾಗೆ ಡ್ರಾಯಿಂಗ್ ಮಾಸ್ತರರೇ. ಸಾಮಾನು ಕಟ್ಟುವ ಅಗ್ಗದ ಕಾಗದ, ಕರಿ ಇಂಕು, ಒಂದು ಬ್ರಷ್ಷು. ಬೀದಿಯಲ್ಲಿ ಬಿದ್ದ ತಾಯಿ, ಪಕ್ಕದಲ್ಲಿ ಮಗು, ಸುತ್ತ ಕಾಗೆ. ಬಣ್ಣ ಇಲ್ಲ, ಅಳುವ ಕಣ್ಣೀರ ಹನಿಯೂ ಇಲ್ಲ.

ಆ ಚಿತ್ರಗಳಿಂದ ಹಸಿದವರಿಗೆ ಹಿಡಿ ಅಕ್ಕಿ ಬಂತಾ ಎಂದು ನಿಮ್ಮ ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನಗೆ ಗೊತ್ತಿರುವುದು ಇಷ್ಟು: ಚಿತ್ತಪ್ರಸಾದ್ ಆ ಚಿತ್ರ, ಬರಹಗಳನ್ನು ಸೇರಿಸಿ ತಂದ ಪುಟ್ಟ ಪುಸ್ತಕದ ಸುಮಾರು 5000 ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ಹೊಟ್ಟೆ ತುಂಬಿದವರು ಸುಮ್ನೆ ಗೀಚಿದ್ದಾದರೆ, ಯುದ್ಧದ ನಡುವೆ ಇಷ್ಟು ತೊಂದರೆ ಯಾಕೆ ತಗೊಳ್ಳುತ್ತಿದ್ದರು? ಫೋಟೋವನ್ನೂ ನಾನು ಹಳಿಯುತ್ತಿಲ್ಲ. 1943ರ ಆಗಸ್ಟಿನಲ್ಲಿ ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಹಸಿವಿನಿಂದ ಬೀದಿಗೆ ಬಿದ್ದವರ ಫೋಟೋಗಳನ್ನು ಅಚ್ಚು ಹಾಕಿದ ಮೇಲೆಯೇ ದೂರದ ಜನಕ್ಕೆ ಸಂಗತಿ ಮುಟ್ಟಿದ್ದು. ಸಂಪಾದಕರು ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮತ್ತೆ ನಮ್ಮ ಶಾಲೆಗೆ ಬರುತ್ತೇನೆ. ಮಾರನೇ ದಿನ ಬಿಸ್ಕತ್ತಿನ ಖಾಲಿ ಪೆಟ್ಟಿಗೆಗಳನ್ನು ಕತ್ತರಿಸಿ ಮಕ್ಕಳಿಗೆ ಒಂದೊಂದು ರಟ್ಟು ಕೊಟ್ಟೆ. ಹೊಳೆಸಾಲಿನ ಮಕ್ಕಳ ಜೊತೆ ನಮ್ಮೂರ ಹುಡುಗರೂ ಬಂದು ಕೂತರು. ಅವರಿಗೆ 'ಹೊಳಿ ಮಂದಿ' ಮೇಲೆ ಸಿಟ್ಟಿತ್ತು. ಶಾಲೆ ತುಂಬಿದ್ದರಿಂದ ಆಗಸ್ಟ್ 15ರ ಡ್ಯಾನ್ಸ್ ಪ್ರಾಕ್ಟೀಸು ನಿಂತಿತ್ತಲ್ಲ, ಅದಕ್ಕೆ. ನಮ್ಮೂರ ಹುಡುಗರೆಲ್ಲ ಹೆಲಿಕಾಪ್ಟರ್ ಬಿಡಿಸಿದರು. ತಪ್ಪು ಅವರದಲ್ಲ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ನೆರೆಯ ಚಿತ್ರ ಅಂದರೆ ಮೇಲೆ ಹೆಲಿಕಾಪ್ಟರ್, ಕೆಳಗೆ ಮನೆ ಮಾಡಿನ ಮೇಲೆ ಕೈ ಎತ್ತಿದ ಜನ ಎಂದು ಹೇಳಿಕೊಟ್ಟವನು ನಾನೇ. ಇಷ್ಟು ವರ್ಷ ಅದಕ್ಕೆ ಮಾರ್ಕ್ಸನ್ನೂ ಹಾಕಿದ್ದೆ.

ಹೊಳೆಸಾಲಿನ ಒಬ್ಬ ಹುಡುಗ ಮಾತ್ರ ಒಂದು ಗೂಟ ಬಿಡಿಸಿದ. ಗೂಟಕ್ಕೆ ಒಂದು ಹಗ್ಗ. ಅಷ್ಟೇ. ಉಳಿದದ್ದೆಲ್ಲ ಖಾಲಿ ರಟ್ಟು. 'ಏನಲೇ ಇದು?' ಎಂದು ನಮ್ಮೂರ ಹುಡುಗನೊಬ್ಬ ನಕ್ಕ. 'ಎಮ್ಮಿ' ಅಂದ ಅವನು. ರಾತ್ರಿ ಓಡುವ ಗಡಿಬಿಡಿಯಲ್ಲಿ ಹಗ್ಗ ಬಿಚ್ಚಲು ಆಗಿರಲಿಲ್ಲ. ನಕ್ಕವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಎಷ್ಟ್ ಲೀಟರ್ ಹಿಂಡ್ತಿತ್ತು?' ಎಂದು ಕೇಳಿದ. 'ಎರಡೂ ಹೊತ್ತು ಸೇರಿ ಆರು.' ಇಬ್ಬರೂ ಎಮ್ಮೆ ಲೆಕ್ಕಕ್ಕೆ ಬಿದ್ದರು. ಸಂಜೆ ನಮ್ಮೂರ ಹುಡುಗ ಮನೆಯಿಂದ ಒಂದು ತಂಬಿಗೆ ಮಜ್ಜಿಗೆ ತಂದ. ಯಾರೂ ಹೇಳಿ ಕಳಿಸಿರಲಿಲ್ಲ. ಕರುಳು ಚುರ್ ಅನ್ನುವುದನ್ನು ಪಾಠ ಮಾಡಿ ಕಲಿಸಲು ನನಗೆ ಬರುವುದಿಲ್ಲ. ಆ ಗೂಟ ನನಗಿಂತ ಚೆನ್ನಾಗಿ ಕಲಿಸಿತು.

ಸಂಪಾದಕರೇ, ಈಗ ನನ್ನ ಕೋರಿಕೆ. ನೆರೆ ಬಂದರೆ ನಿಮ್ಮ ಪತ್ರಿಕೆಯಲ್ಲಿ ಡ್ರೋನ್ ಫೋಟೋ ಬರುತ್ತದೆ. ಮೇಲಿಂದ ನೋಡಿದರೆ ಎಲ್ಲ ಊರೂ ಒಂದೇ ಕೆಂಪು ನೀರು. ಅದನ್ನೂ ಹಾಕಿ. ಅದರ ಜೊತೆ, ನಿಮ್ಮ ವರದಿಗಾರರ ಸಂಗಡ ಆ ತಾಲ್ಲೂಕಿನ ಒಬ್ಬ ಡ್ರಾಯಿಂಗ್ ಮಾಸ್ತರರನ್ನು ಅರ್ಧ ದಿನ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಸಂಭಾವನೆ ಬೇಡ, ಹೋಗಿ ಬರುವ ಬಸ್ ಚಾರ್ಜು ಸಾಕು. ಒಂದು ಮುಖ, ಕೆಳಗೆ ಒಂದು ಹೆಸರು, ಎರಡು ಕಾಲಂ ಜಾಗ. ಒಪ್ಪಿಗೆ ಕೇಳದೆ ಯಾರ ಚಿತ್ರವನ್ನೂ ಹಾಕಬೇಡಿ. ಪೆನ್ಸಿಲ್ಲು ಹಿಡಿದು ಎದುರು ಕೂತರೆ ಕೇಳದೆ ಬರೆಯಲು ಆಗುವುದೂ ಇಲ್ಲ ಬಿಡಿ, ನಲವತ್ತು ನಿಮಿಷ ಯಾರೂ ಕದ್ದು ನೋಡಲಾರರು.

ಆ ಅಜ್ಜಿಯ ಚಿತ್ರ ಈಗ ನನ್ನ ಹತ್ತಿರ ಇಲ್ಲ. ಎರಡು ವರ್ಷದ ಮೇಲೆ ಅವರ ಮೊಮ್ಮಗ ಹುಡುಕಿಕೊಂಡು ಬಂದ. ಅಜ್ಜಿ ತೀರಿಕೊಂಡಿದ್ದರು. ಮನೆಯಲ್ಲಿದ್ದ ಫೋಟೋಗಳೆಲ್ಲ ನೆರೆಯಲ್ಲಿ ಹೋಗಿದ್ದವು. ಗೋಡೆಗೆ ಹಾಕಲು ಏನೂ ಇರಲಿಲ್ಲ. ಲಗ್ನಪತ್ರಿಕೆಯನ್ನು ಅವನಿಗೆ ಕೊಟ್ಟೆ. ಕೊಡುವ ಮೊದಲು ಒಂದು ಜೆರಾಕ್ಸ್ ಮಾಡಿಸಿಕೊಂಡಿದ್ದೆ. ಮೊನ್ನೆ ಅವನ ಒಪ್ಪಿಗೆ ಕೇಳಿ ಅದನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಕೈ ಸ್ವಲ್ಪ ಸೊಟ್ಟ ಇದೆ, ಕ್ಷಮಿಸಿ. ಅಚ್ಚು ಹಾಕುವುದಾದರೆ, ಜಾಗ ಸಾಲದು ಎಂದು ಕೆಳಗಿನ ಹೆಸರಿನ ಸಾಲನ್ನು ಮಾತ್ರ ಕತ್ತರಿಸಬೇಡಿ.

ಇಂತಿ,
ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರ
ನರಗುಂದ ತಾಲ್ಲೂಕು, ಗದಗ ಜಿಲ್ಲೆ